ಧಾತು-ಈಶ್ವರದ ಬರ ಮತ್ತು ನೂಹರ ಹಡಗು

ಹಳೆ ಮೈಸೂರು ಸೀಮೆಯ ಹಿರಿಯರು 1876-78ರ ಕ್ಷಾಮವನ್ನು ಇಸವಿಯಿಂದ ಗುರುತಿಸುತ್ತಿರಲಿಲ್ಲ. ಅವರಿಗೆ ಅದು ಧಾತು-ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ಇಂಥ ಸಾವುಗಳನ್ನು ದೇವರ ಶಿಕ್ಷೆ ಎಂದುಬಿಡುವ ರೂಢಿ ಎಲ್ಲ ಧರ್ಮದವರಲ್ಲೂ ಇದೆ. ಅದಕ್ಕೆ ನಿದರ್ಶನವಾಗಿ ಜಲಪ್ರಳಯದ ಕಥೆಯನ್ನು ಹೇಳುವುದೂ ಉಂಟು. ಆದರೆ ಆ ಕಥೆಯನ್ನು ಪೂರ್ತಿ ಓದಿದರೆ ಈ ಮಾತು ನಿಲ್ಲುವುದಿಲ್ಲ.

ಬೈಬಲಿನ ಆದಿಕಾಂಡದಲ್ಲಿ ಪ್ರಳಯಕ್ಕೆ ಕಾರಣ ಭೂಮಿಯ ತುಂಬ ಹರಡಿದ್ದ ಹಿಂಸೆ. ಕುರ್‌ಆನಿನಲ್ಲಿ ಪ್ರವಾದಿ ನೂಹ್(ಅ)ರನ್ನು ಹೀಯಾಳಿಸಿದವರು ಜನಾಂಗದ ಮುಖಂಡರು. ನೂಹರ ಹಿಂದೆ ಹೋದವರೆಲ್ಲ ಕೀಳು ಜನ ಎಂಬುದೇ ಅವರ ಆಕ್ಷೇಪ. ಕೊನೆಗೆ ಮುಳುಗಿದವರು ಆ ಮುಖಂಡರು. ಹಡಗಿನಲ್ಲಿ ಉಳಿದವರು ಆ 'ಕೀಳು' ಜನ. ಬೆಟ್ಟ ಹತ್ತಿ ಪಾರಾಗುತ್ತೇನೆಂದ ಪ್ರವಾದಿಯ ಮಗನೂ ಉಳಿಯಲಿಲ್ಲ. ನೀರು ಇಳಿದ ಮೇಲೆ ಆದಿಕಾಂಡದ ದೇವರು ಕೊಡುವ ಭರವಸೆಯಂತೂ ರೈತನಿಗೆ ತೀರ ಹತ್ತಿರದ್ದು: ಇನ್ನು ಮುಂದೆ ಬಿತ್ತನೆಯೂ ಕೊಯ್ಲೂ ನಿಲ್ಲಲಾರವು ಎಂದು.

ಧಾತು ಸಂವತ್ಸರದಲ್ಲಿ ನಿಂತುಹೋದದ್ದು ಅವೇ. ಮಾಗಡಿ, ಕಾನಕಾನಹಳ್ಳಿ (ಇಂದಿನ ಕನಕಪುರ), ಕ್ಲೋಸ್‌ಪೇಟೆ (ಇಂದಿನ ರಾಮನಗರ), ಚನ್ನಪಟ್ಟಣ ಈ ಕಡೆಯ ಬಹುಪಾಲು ಹೊಲಗಳು ಮಳೆಯನ್ನೇ ನಂಬಿದ ರಾಗಿ ಹೊಲಗಳು. ಮಳೆ ಕೈಕೊಟ್ಟಿತು, ನಿಜ. ಆದರೆ ಸತ್ತವರು ಯಾರು? ಕೂಲಿಯವರು, ತುಂಡು ಹೊಲದ ಒಕ್ಕಲು ಮಕ್ಕಳು, ನೇಕಾರರು. ಅದೇ ವರ್ಷಗಳಲ್ಲಿ ಹಿಂದೂಸ್ತಾನದಿಂದ ಇಂಗ್ಲೆಂಡಿಗೆ ಗೋಧಿ ಹೊತ್ತ ಹಡಗುಗಳು ಹೋಗುತ್ತಲೇ ಇದ್ದವು. ಬಡವರನ್ನು ಆರಿಸಿ ಕೊಂದ ಈ ಬರವನ್ನು ದೈವದ ತೀರ್ಪು ಎನ್ನುವುದು ದೇವರ ಮೇಲೆ ಹೊರಿಸುವ ಅಪವಾದ ಎಂದೇ ನನ್ನ ಭಾವನೆ. ತೀರ್ಪು ಕೊಟ್ಟವರು ಕಚೇರಿಗಳಲ್ಲಿದ್ದರು.

ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ಜೊತೆಗೆ 80 ಲಕ್ಷ ರೂಪಾಯಿಯ ಸಾಲವೂ ಬಂತು. ಬರದ ನಂತರದ ಹೊಸ ಬದುಕು ಶುರುವಾದದ್ದು ಹೀಗೆ. ಹಸಿದವರಿಗೆ ಕೂಲಿ ಕೊಟ್ಟು ಮಾಡಿಸಿದ ಮಣ್ಣಿನ ಕೆಲಸದಿಂದ ಆರಂಭವಾದ ಬೆಂಗಳೂರು-ಮೈಸೂರು ರೈಲು ದಾರಿ 1882ರಲ್ಲಿ ಮೈಸೂರು ಮುಟ್ಟಿತು. ರಾಮನಗರದ ರೇಷ್ಮೆಗೂ ಚನ್ನಪಟ್ಟಣದ ಬಣ್ಣದ ಗೊಂಬೆಗೂ ಅದು ಪೇಟೆಯ ದಾರಿಯಾಯಿತು. ಹಳಿಯ ಕೆಳಗಿನ ಮಣ್ಣು ಹೊತ್ತವರಲ್ಲಿ ಎಷ್ಟು ಮಂದಿ ಆ ಬಂಡಿ ಹತ್ತುವವರೆಗೆ ಬದುಕಿದ್ದರೋ! ಮಾಗಡಿ, ಕನಕಪುರ ಪಟ್ಟಣಗಳಿಗಂತೂ ರೈಲು ಇಂದಿಗೂ ಬಂದಿಲ್ಲ.