ಮೆಕ್ಯಾನಿಕಲ್ ಅನುಭವಕ್ಕೆ ಗಲ್ಫ್ ಒಂದೇ ದಾರಿಯಲ್ಲ: ಹಿಂದೂಪುರ–ಕಲ್ಯಾಣದುರ್ಗ ಸುತ್ತಿನ ಅವಕಾಶಗಳು

ಮೆಕ್ಯಾನಿಕಲ್ ಓದಿದ ಹುಡುಗ ಅಂದ್ರೆ ನಮ್ಮ ಕರಾವಳಿಯಲ್ಲಿ ಮೊದಲ ಪ್ರಶ್ನೆ, "ಗಲ್ಫಿಗೆ ಯಾವಾಗ?" ಏಳೆಂಟು ವರ್ಷ ರಿಫೈನರಿಯಲ್ಲಿ ದುಡಿದು ಬಂದವರು ಆ ಅನುಭವವನ್ನೆಲ್ಲ ಬದಿಗಿಟ್ಟು ಅಂಗಡಿ ಹಾಕುವುದೂ ಉಂಟು. ನಾನೂ ಅಂಗಡಿಯವನೇ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅನುಭವಕ್ಕೆ ಬೆಲೆ ಇರುವ ಎರಡು ಕ್ಷೇತ್ರಗಳು ಕರ್ನಾಟಕ–ಆಂಧ್ರ ಗಡಿಯಲ್ಲೇ ಇವೆ: ಇಂಧನ ಮತ್ತು ವೈಮಾನಿಕ ಉದ್ಯಮ.

ಎಲ್ಲಿ ಏನಿದೆ?

ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ, ಬೆಳುಗುಪ್ಪ ಕಡೆ ಗಾಳಿ ಯಂತ್ರಗಳಿವೆ. ಅಲ್ಲಿಂದ ದಕ್ಷಿಣಕ್ಕೆ ನಮ್ಮ ತುಮಕೂರು ಜಿಲ್ಲೆಯ ಪಾವಗಡ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಇನ್ನೂ ಕೆಳಗೆ ಶ್ರೀ ಸತ್ಯಸಾಯಿ ಜಿಲ್ಲೆಯ ಹಿಂದೂಪುರ. ಅಲ್ಲಿಂದ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. 1940ರಲ್ಲಿ ಶುರುವಾದ ಎಚ್‌ಎಎಲ್, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ, ಇವುಗಳಿಗೆ ಬಿಡಿಭಾಗ ಮಾಡಿಕೊಡುವ ಖಾಸಗಿ ಕಾರ್ಖಾನೆಗಳು ಅಲ್ಲಿವೆ. ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು.

ಇಂಧನ: ಸೋಲಾರ್‌ಗಿಂತ ಗಾಳಿ

ಸೋಲಾರ್ ಪ್ಯಾನೆಲ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಪಾರ್ಕ್ ಕಟ್ಟುವಾಗ ಕೆಲಸ ಜಾಸ್ತಿ, ನಂತರ ಎಲೆಕ್ಟ್ರಿಕಲ್‌ನವರದ್ದೇ ಪಾಲು ಹೆಚ್ಚು. ಗಾಳಿ ಯಂತ್ರ ಹಾಗಲ್ಲ. ಗೇರ್‌ಬಾಕ್ಸ್, ಬೇರಿಂಗ್, ಹೈಡ್ರಾಲಿಕ್ಸ್, ಬೋಲ್ಟ್‌ಗಳ ಬಿಗಿತ ಎಲ್ಲವನ್ನೂ ವರ್ಷವಿಡೀ ನೋಡಬೇಕು. ಮುಂಗಾರಿನಲ್ಲಿ ಗಾಳಿ ಜೋರು, ಆಗ ಯಂತ್ರ ನಿಂತರೆ ನಷ್ಟ. ಹಾಗಾಗಿ ದೊಡ್ಡ ರಿಪೇರಿಗಳನ್ನು ಗಾಳಿ ಕಡಿಮೆಯಿರುವ ತಿಂಗಳಲ್ಲಿ ಮುಗಿಸುತ್ತಾರೆ. ಪಂಪ್, ಕಂಪ್ರೆಸರ್ ಕಂಪನ ನೋಡಿ ದೋಷ ಹಿಡಿದು ಗೊತ್ತಿದ್ದವರಿಗೆ ಇದು ಹೊಸ ವಿದ್ಯೆಯಲ್ಲ. ಎತ್ತರದ ಕೆಲಸದ ಸುರಕ್ಷತೆಗೆ ಹಲವು ಕಂಪೆನಿಗಳು ಜಿಡಬ್ಲ್ಯೂಓ ತರಬೇತಿ ಕೇಳುತ್ತವೆ. ಅದರ ಮೂಲ ಸರ್ಟಿಫಿಕೇಟ್‌ಗೆ ಎರಡು ವರ್ಷ ಮಾತ್ರ ಆಯುಷ್ಯ.

ವಿಮಾನ: ದಾಖಲೆಯೇ ಜೀವಾಳ

ಇಲ್ಲಿ ಒಂದು ಬೋಲ್ಟ್‌ಗೂ ಜಾತಕವಿದೆ. ಲೋಹ ಎಲ್ಲಿಂದ ಬಂತು, ಯಾವ ಮೆಷಿನ್‌ನಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು ಎಲ್ಲಕ್ಕೂ ದಾಖಲೆ ಬೇಕು. ಎಎಸ್ 9100 ಎಂಬ ಗುಣಮಟ್ಟದ ವ್ಯವಸ್ಥೆ ತಿಳಿದಿರುವುದು ಲಾಭ. ರಿಫೈನರಿಯಲ್ಲಿ ಎನ್‌ಡಿಟಿ ಮಾಡಿದವರಿಗೆ ತಪಾಸಣೆ ವಿಭಾಗ ಹತ್ತಿರದ ದಾರಿ. ಆದರೆ ಹಳೆಯ ಸರ್ಟಿಫಿಕೇಟ್ ಮಾತ್ರ ಸಾಲದು, ಎನ್‌ಎಎಸ್ 410 ಮಾನದಂಡದಂತೆ ಮತ್ತೆ ಅರ್ಹತೆ ಪಡೆಯಬೇಕಾಗುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ವಯೋಮಿತಿ ಉಂಟು. ಮೂವತ್ತು ದಾಟಿದವರು ಖಾಸಗಿ ಬಿಡಿಭಾಗ ಕಾರ್ಖಾನೆಗಳನ್ನೇ ಮೊದಲು ನೋಡುವುದು ಒಳ್ಳೆಯದು.

ಗಮನದಲ್ಲಿರಲಿ

* ಗಲ್ಫ್ ಬಿಡುವ ಮೊದಲೇ ಅನುಭವ ಪತ್ರ ಪಡೆಯಿರಿ. "ಮೆಕ್ಯಾನಿಕಲ್ ಎಂಜಿನಿಯರ್" ಎಂದಷ್ಟೇ ಇದ್ದರೆ ಸಾಲದು. ಯಾವ ಯಂತ್ರ, ಯಾವ ಜವಾಬ್ದಾರಿ, ಎಷ್ಟು ವರ್ಷ ಎಂದು ಬರೆಸಿ.
* ಕೆಲಸ ಕೊಡಿಸುತ್ತೇನೆ ಎಂದು ಮೊದಲೇ ದುಡ್ಡು ಕೇಳುವವರಿಂದ ದೂರ ಇರಿ.
* ಗಲ್ಫ್ ಸಂಬಳಕ್ಕೆ ಇಲ್ಲಿನ ಸಂಬಳ ಹೋಲಿಸುವಾಗ ಅಲ್ಲಿನ ಬಾಡಿಗೆ, ವಿಮಾನ ಟಿಕೆಟ್ ಕಳೆಯಿರಿ. ಮಕ್ಕಳ ಜೊತೆ ಕಳೆಯುವ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಿ. ನಂತರ ತೀರ್ಮಾನಿಸಿ.