ಸರ್ಕಾರದ ಮುದ್ರೆ ಮಾರಿದವನು: ತೆಲಗಿ ಮತ್ತು ಛಾಪಾಕಾಗದದ ಕಥೆ

ಆಲೂರು, ಬಾಳ್ಳುಪೇಟೆ, ಸಕಲೇಶಪುರ ಅಂತ ಬಸ್ಸಲ್ಲಿ ಹೋಗ್ತಾ ಕೇಳ್ತಿರೋರಿಗೂ, ತೋಟದ ಕೆಲಸದ ನಡುವೆ ಇಯರ್‌ಫೋನ್ ಹಾಕ್ಕೊಂಡಿರೋರಿಗೂ ಸ್ವಾಗತ. ಈ ವಾರ ಒಬ್ಬ ವಂಚಕನ ಏಳುಬೀಳಿನ ಕಥೆ. ಅದಕ್ಕೂ ಮೊದಲು ಒಂದು ಹಳೇ ಸಿನಿಮಾ.

‘ನೈಟ್ ಅಂಡ್ ದಿ ಸಿಟಿ’, 1950. ನಿರ್ದೇಶಕ ಜೂಲ್ಸ್ ಡಾಸಿನ್. ಕಪ್ಪುಬಿಳುಪು, ರಾತ್ರಿ, ನೆರಳು, ದಾರಿ ತಪ್ಪಿದ ಮನುಷ್ಯ. ಇಂಥ ಸಿನಿಮಾಗಳಿಗೆ ‘ಫಿಲ್ಮ್ ನುಆರ್’ ಅಂತಾರೆ. ರಿಚರ್ಡ್ ವಿಡ್‌ಮಾರ್ಕ್ ಮಾಡಿರೋ ಹ್ಯಾರಿ ಫೇಬಿಯನ್ ಪಾತ್ರ ಲಂಡನ್ನಿನ ಸಣ್ಣ ವಂಚಕ. ನೈಟ್‌ಕ್ಲಬ್ಬಿಗೆ ಗಿರಾಕಿ ಹಿಡ್ಕೊಂಡು ಬರೋದು ಅವನ ಕೆಲಸ, ದೊಡ್ಡವನಾಗ್ಬೇಕು ಅನ್ನೋದು ಅವನ ಹಸಿವು. ಗ್ರಿಗೋರಿಯಸ್ ಅನ್ನೋ ವಯಸ್ಸಾದ ಪೈಲ್ವಾನನ ನಂಬಿಕೆ ಗಳಿಸಿ, ಕುಸ್ತಿ ವ್ಯವಹಾರವನ್ನೇ ಕೈಗೆ ತಗೊಳ್ಳೋಕೆ ಹೊರಡ್ತಾನೆ. ಆ ಪೈಲ್ವಾನ ಸತ್ತಾಗ, ಕುಸ್ತಿ ದಂಧೆಯ ಒಡೆಯನಾದ ಮಗ ಫೇಬಿಯನ್ ತಲೆಗೆ ಬೆಲೆ ಕಟ್ತಾನೆ. ರಾತ್ರಿಯಿಡೀ ಓಡಿ, ಬೆಳಗಾಗೋ ಹೊತ್ತಿಗೆ ಥೇಮ್ಸ್ ನದಿ ಹತ್ರ ಫೇಬಿಯನ್ ಕಥೆ ಮುಗಿಯುತ್ತೆ.

ಈ ಸಿನಿಮಾ ನೋಡಿದಾಗೆಲ್ಲ ನನಗೆ ನೆನಪಾಗೋದು ನಮ್ಮದೇ ರಾಜ್ಯದ ಅಬ್ದುಲ್ ಕರೀಂ ತೆಲಗಿ. ಹುಟ್ಟಿದ್ದು 1961ರಲ್ಲಿ, ಊರು ಬೆಳಗಾವಿ ಜಿಲ್ಲೆಯ ಖಾನಾಪುರ. ಅಪ್ಪ ರೈಲ್ವೆ ನೌಕರ, ಬೇಗ ತೀರಿಕೊಂಡರು. ಹುಡುಗ ರೈಲಲ್ಲಿ ಹಣ್ಣು ಮಾರಿದ, ಓದಿದ, ಸೌದಿ ಅರೇಬಿಯಾಕ್ಕೆ ಹೋಗಿ ಬಂದ, ಮುಂಬೈ ಸೇರಿದ. ಅಲ್ಲಿ ವಿದೇಶಕ್ಕೆ ಜನ ಕಳಿಸೋ ನಕಲಿ ದಾಖಲೆಗಳ ದಂಧೆ. 1994ರಲ್ಲಿ ಛಾಪಾಕಾಗದ ಮಾರೋ ಲೈಸೆನ್ಸ್ ಸಿಕ್ತು. ಅಸಲಿ ಆಟ ಶುರುವಾಗಿದ್ದೇ ಅಲ್ಲಿಂದ.

ಇ-ಸ್ಟಾಂಪ್ ಮಾತ್ರ ಕಂಡಿರೋರಿಗೆ ಇಲ್ಲಿ ಸ್ವಲ್ಪ ವಿವರ ಬೇಕು. ಜಮೀನು ಕೊಂಡರೆ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆಗೆಲ್ಲ ಅಷ್ಟು ಬೆಲೆಯ ಛಾಪಾಕಾಗದ ಕೊಂಡು, ಅದರ ಮೇಲೇ ಪತ್ರ ಬರೆಸ್ತಿದ್ರು. ಜನರ ಬಾಯಲ್ಲಿ ಅದು ‘ಬಾಂಡ್ ಪೇಪರ್’. ಅಂದರೆ ಆ ಕಾಗದವೇ ತೆರಿಗೆಯ ರಸೀದಿ. ಕಾಗದ ಅಸಲಿಯಾದ್ರೆ ದುಡ್ಡು ಖಜಾನೆಗೆ, ನಕಲಿಯಾದ್ರೆ ಮಾರಿದವನ ಜೇಬಿಗೆ.

ಅಸಲಿ ಕಾಗದ ಅಚ್ಚಾಗ್ತಿದ್ದದ್ದು ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯದಲ್ಲಿ. ಹಳೇದಾಯ್ತು ಅಂತ ಅಲ್ಲಿಂದ ಹೊರಹಾಕಿದ ಯಂತ್ರಗಳು ತೆಲಗಿ ಕೈ ಸೇರಿದವು. ಏಜೆಂಟರನ್ನಿಟ್ಟು ಅವನು ಬ್ಯಾಂಕು, ವಿಮಾ ಕಂಪನಿಗಳಂಥ ದೊಡ್ಡ ಗಿರಾಕಿಗಳಿಗೆ ಸಗಟಾಗಿ ಮಾರಿಸಿದ. ಜಾಲ ಹಲವು ರಾಜ್ಯಗಳಿಗೆ ಹಬ್ಬಿತು. ನಷ್ಟ 20,000 ಕೋಟಿ ರೂಪಾಯಿಗೂ ಮೀರಿದ್ದು ಅಂತ ಪತ್ರಿಕೆಗಳು ಬರೆದವು. ಖಚಿತ ಲೆಕ್ಕ ಹಾಕೋದು ಹೇಗೆ? ಆ ಕಾಗದಗಳೆಲ್ಲ ಯಾರ್ಯಾರದೋ ಕಡತ ಸೇರಿಬಿಟ್ಟಿದ್ದವು.

ನನ್ನ ಪ್ರಕಾರ ತೆಲಗಿಗೂ ಫೇಬಿಯನ್‌ಗೂ ದೊಡ್ಡ ವ್ಯತ್ಯಾಸ ಇರೋದು ಇಲ್ಲೇ. ಫೇಬಿಯನ್ ಮಾರಿದ್ದು ತನ್ನ ಮಾತು. ಮಾತು ಸುಳ್ಳು ಅಂತ ಗೊತ್ತಾದ ದಿನ ಅವನು ಒಂಟಿ. ತೆಲಗಿ ಮಾರಿದ್ದು ಸರ್ಕಾರದ ಮುದ್ರೆ. ಕೊಂಡವರು ಅವನನ್ನ ನಂಬಬೇಕಾಗೇ ಇರಲಿಲ್ಲ, ಹೆಸರೂ ಗೊತ್ತಿರಬೇಕಾಗಿರಲಿಲ್ಲ. ಸಿಂಹದ ಲಾಂಛನ ನೋಡಿ ದುಡ್ಡು ಕೊಟ್ಟರು. ಇಂಥ ವಂಚನೆ ಒಬ್ಬನ ಚಾಲಾಕಿತನದಿಂದ ಅಷ್ಟು ವರ್ಷ ನಡೆಯಲ್ಲ. ಲೈಸೆನ್ಸ್ ಕೊಡೋರು, ಯಂತ್ರ ವಿಲೇವಾರಿ ಮಾಡೋರು, ತಪಾಸಣೆ ಮಾಡಬೇಕಾದೋರು, ಎಲ್ಲರೂ ಒಂದೋ ಕಣ್ಣು ಮುಚ್ಚಿರಬೇಕು, ಇಲ್ಲಾ ಕೈ ಚಾಚಿರಬೇಕು.

2000ದಲ್ಲಿ ಬೆಂಗಳೂರಲ್ಲಿ ನಕಲಿ ಕಾಗದ ಸಿಕ್ಕಿಬಿತ್ತು. ಕರ್ನಾಟಕ ಪೊಲೀಸರು ‘ಸ್ಟ್ಯಾಂಪಿಟ್’ ಅನ್ನೋ ವಿಶೇಷ ತನಿಖಾ ತಂಡ ಕಟ್ಟಿದರು. 2001ರ ನವೆಂಬರಲ್ಲಿ ತೆಲಗಿ ಅಜ್ಮೀರದಲ್ಲಿ ಸಿಕ್ಕ. ಆಮೇಲೂ ಜೈಲಿನೊಳಗಿಂದಲೇ ಮೊಬೈಲಲ್ಲಿ ವ್ಯವಹಾರ ನಡೆಸಿದ ಅನ್ನೋ ಆರೋಪ ಬಂತು. ಪೊಲೀಸ್ ಅಧಿಕಾರಿಗಳು, ಶಾಸಕರೂ ಬಂಧನಕ್ಕೊಳಗಾದರು. ಆಮೇಲೆ ಅವರಲ್ಲಿ ಕೆಲವರು ಕೋರ್ಟಿನಲ್ಲಿ ಆರೋಪಮುಕ್ತರಾದರು. 2004ರಲ್ಲಿ ತನಿಖೆ ಸಿಬಿಐಗೆ ಹೋಯ್ತು. 2006ರಲ್ಲಿ ಒಂದು ಪ್ರಕರಣದಲ್ಲಿ ತೆಲಗಿಗೆ 30 ವರ್ಷ, 2007ರಲ್ಲಿ ಇನ್ನೊಂದರಲ್ಲಿ 13 ವರ್ಷ ಕಠಿಣ ಶಿಕ್ಷೆ. 2017ರ ಅಕ್ಟೋಬರ್ 26ರಂದು, ಕೈದಿಯಾಗಿದ್ದಾಗಲೇ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತ. 2018ರ ಕೊನೆಗೆ ನಾಸಿಕ್‌ನ ಕೋರ್ಟು ಒಂದು ಪ್ರಕರಣದಲ್ಲಿ ಉಳಿದ ಆರೋಪಿಗಳ ಜೊತೆ, ಸತ್ತುಹೋಗಿದ್ದ ಅವನನ್ನೂ ಖುಲಾಸೆ ಮಾಡಿತು. ಇಂಥ ತಿರುವು ಸಿನಿಮಾದಲ್ಲಿ ಬಂದಿದ್ರೆ ನಾವು ನಂಬ್ತಿರಲಿಲ್ಲ.

ವಂಚಕ ಸತ್ತ ಮೇಲೆ ಸಿನಿಮಾದಲ್ಲಿ ದೀಪ ಹತ್ತುತ್ತೆ, ನಾವು ಎದ್ದು ಬರ್ತೀವಿ. ಇತಿಹಾಸ ಹಾಗೆ ಎದ್ದು ಹೋಗಲ್ಲ. ನಮ್ಮ ಮಲೆನಾಡಿನ ಮನೆಗಳನ್ನೇ ನೋಡಿ. ತೋಟದ ಕ್ರಯಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ, ಭೋಗ್ಯದ ಕರಾರು, ಎಲ್ಲ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿರ್ತಾರೆ. ಮಳೆಗಾಲದಲ್ಲಿ ಮನೆ ಸೋರಿದ್ರೆ ಅಜ್ಜಿ ಮೊದಲು ಎತ್ತಿಡೋದು ಅದೇ ಗಂಟನ್ನ. ಆ ಕಾಗದದ ಮೇಲಿನ ಮುದ್ರೆಯನ್ನ ಅವರು ಅನುಮಾನಿಸಿದ್ದಿಲ್ಲ. ತೆಲಗಿ ಬಂಡವಾಳ ಮಾಡ್ಕೊಂಡಿದ್ದು ಇಂಥದ್ದೇ ನಂಬಿಕೆಯನ್ನ.

ಹಗರಣದ ನಂತರ ಕರ್ನಾಟಕದಲ್ಲಿ ಹಳೇ ಛಾಪಾಕಾಗದ ಹೋಗಿ ಫ್ರಾಂಕಿಂಗ್, ಆಮೇಲೆ ಇ-ಸ್ಟಾಂಪ್ ಬಂತು. ಪ್ರತಿ ಇ-ಸ್ಟಾಂಪಿಗೂ ಅದರದ್ದೇ ಪ್ರಮಾಣಪತ್ರ ಸಂಖ್ಯೆ ಇರುತ್ತೆ. ಅದು ಅಸಲಿಯೋ ಅಲ್ಲವೋ ಅಂತ ನಿಮ್ಮ ಫೋನಲ್ಲೇ ನೋಡಬಹುದು. ಅಜ್ಜಿಗೆ ಈ ಅನುಕೂಲ ಇರಲಿಲ್ಲ, ನಮಗಿದೆ. ಹೋಮ್‌ಸ್ಟೇ ಲೀಸ್ ಇರಲಿ, ಬೆಂಗಳೂರಿನ ರೂಮಿನ ಬಾಡಿಗೆ ಕರಾರಿರಲಿ, ಸಹಿ ಹಾಕೋ ಮುಂಚೆ ಎರಡು ನಿಮಿಷ ಆ ಸಂಖ್ಯೆ ನೋಡಿ. ಮನೆಯವರು “ಏನಪ್ಪಾ, ಎಲ್ಲದಕ್ಕೂ ಅನುಮಾನ ನಿಂಗೆ” ಅಂದ್ರೆ ಈ ಕಥೆ ಹೇಳಿ. ಮುಂದಿನ ವಾರ ಸಿಗೋಣ.