ಬಂದವರು ನೋಡಿದ್ದೇನು, ಬರೆದದ್ದೇನು?

2024ರ ಮೇ 7ರಂದು ಉತ್ತರ ಕರ್ನಾಟಕ ಲೋಕಸಭೆಗೆ ಮತ ಹಾಕಿತು. ಚಿಂಚೋಳಿ ತಾಲೂಕಿನ ಐನಾಪುರವೂ ಹಾಕಿತು. (ಬೆಳಗಾವಿ ಜಿಲ್ಲೆಯ ಐನಾಪುರ ಬೇರೆ. ನಾನು ಹೇಳ್ತಿರೋದು ಕಲಬುರಗಿ ಜಿಲ್ಲೆಯದ್ದು. ಜಿಲ್ಲೆ ಕಲಬುರಗಿ ಆದರೂ ಲೋಕಸಭೆಗೆ ಅದು ಬೀದರ್ ಕ್ಷೇತ್ರ!) ಅದೇ ವಾರ ಚುನಾವಣಾ ಆಯೋಗದ ಆಹ್ವಾನದ ಮೇಲೆ 23 ದೇಶಗಳ 75 ಪ್ರತಿನಿಧಿಗಳು ಭಾರತಕ್ಕೆ ಬಂದರು. ಆರು ರಾಜ್ಯಗಳ ಪ್ರವಾಸಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ನೋಡಿದರು, ಮೆಚ್ಚಿದರು, ಹೋದರು. ಅದೇ ವಿದೇಶದಿಂದ, 2021ರಲ್ಲಿ ಸ್ವೀಡನ್ನಿನ ವಿ-ಡೆಮ್ ಸಂಸ್ಥೆ ನಮ್ಮನ್ನು 'ಚುನಾವಣಾ ನಿರಂಕುಶಾಧಿಪತ್ಯ' ಎಂದು ಕರೆದಾಗ ದಿಲ್ಲಿ ಸಿಡಿಮಿಡಿಗೊಂಡಿತ್ತು. ಹೊಗಳಿದರೆ ಜಗತ್ತು ಮೆಚ್ಚಿತು ಅಂತೀವಿ, ತೆಗಳಿದರೆ ಇವರ‍್ಯಾರು ಕೇಳೋಕೆ ಅಂತೀವಿ. ಹಾಗಾದರೆ ಯಾರ ಮಾತು ನಂಬೋದು?

ಮೊದಲು ಒಂದು ಗೊಂದಲ ತೆಗೆಯೋಣ. ಬಂದವರನ್ನು ಆಯೋಗ 'ಸಂದರ್ಶಕರು' ಅಂತ ಕರೆಯಿತು, ವೀಕ್ಷಕರು ಅಂತ ಅಲ್ಲ. ನಮ್ಮಲ್ಲಿ ಚುನಾವಣಾ ವೀಕ್ಷಕ ಅಂದರೆ ಆಯೋಗವೇ ನೇಮಿಸುವ ಸರ್ಕಾರಿ ಅಧಿಕಾರಿ. ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿಸಿದ 20ಬಿ ಕಲಂ ಪ್ರಕಾರ ಅವನು ಎಣಿಕೆಯನ್ನೇ ನಿಲ್ಲಿಸಿ ಅನ್ನಬಲ್ಲ. ಸಂದರ್ಶಕನಿಗೆ ಆ ಅಧಿಕಾರ ಇಲ್ಲ. ಅವನು ಅತಿಥಿ. ಮನೆಗೆ ಬಂದ ಅತಿಥಿ ಅಡುಗೆಗೆ ಉಪ್ಪು ಕಡಿಮೆ ಅಂತಾನೇನ್ರೀ?

ಇತಿಹಾಸಕ್ಕೆ ಬನ್ನಿ. 1951–52ರ ಮೊದಲ ಮಹಾಚುನಾವಣೆ ಹೊತ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮನ ಆಳ್ವಿಕೆ ಮುಗಿದು ಮೂರೇ ವರ್ಷ. 17 ಕೋಟಿಗೂ ಹೆಚ್ಚು ಮತದಾರರು, ಬಹುಪಾಲು ಓದು ಬಾರದವರು. ಹೊರದೇಶದವರು ಬೆರಗಾದರು, ಬೆರಗಾಗುವಂಥದ್ದೇ ಅದು. ಆದರೆ ಆ ಚುನಾವಣೆಯ ದೊಡ್ಡ ಲೋಪ ದಾಖಲಾದದ್ದು ಎಲ್ಲಿ? ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರದೇ ವರದಿಯಲ್ಲಿ. ಇಂಥವನ ಹೆಂಡತಿ, ಇಂಥವನ ಮಗಳು ಅಂತ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಮಹಿಳೆಯರು, ಹೆಚ್ಚಿನವರು ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಹೊರಬಿದ್ದರು. ಚುನಾವಣೆ ನಡೆಸಿದವನೇ ತನ್ನ ಚುನಾವಣೆಯ ಲೋಪವನ್ನು ಸಂಖ್ಯೆ ಸಮೇತ ಬರೆದ. ನನಗೆ ಇಂಥ ವರದಿ ಮೇಲೆ ನಂಬಿಕೆ ಹೆಚ್ಚು.

ಚಿಂಚೋಳಿ ಸೀಮೆಗೆ ವಿದೇಶಿ ಕಣ್ಣಿನ ಇನ್ನೊಂದು ಕಥೆ ಇದೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಎದುರು ಜನತಾ ಪಕ್ಷದಿಂದ ನಿಂತವರು ಚಿಂಚೋಳಿಯವರೇ ಆದ ವೀರೇಂದ್ರ ಪಾಟೀಲರು. ವಿದೇಶಿ ಪತ್ರಕರ್ತರು ಕಾಫಿತೋಟಗಳ ನಡುವೆ ಓಡಾಡಿದರು. ಅವರು ವೀಕ್ಷಕರಲ್ಲ, ಬಂದದ್ದು ಇಂದಿರಾ ಅವರನ್ನು ನೋಡೋಕೆ. ಪಾಟೀಲರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅದೇ ಪಾಟೀಲರು ಕಾಂಗ್ರೆಸ್ ಸೇರಿ, 1989ರಲ್ಲಿ ಚಿಂಚೋಳಿಯಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಆಗ ಆ ಕ್ಯಾಮೆರಾಗಳು ಎಲ್ಲಿದ್ದವು?

ಈಗ ಆಫ್ರಿಕಾಕ್ಕೆ ಹೋಗೋಣ, ಯಾಕಂದರೆ ಈ ವಿಷಯದ ಅಸಲಿ ಪಾಠಶಾಲೆ ಅಲ್ಲಿದೆ. 2002ರ ಮಾರ್ಚ್‌ನಲ್ಲಿ ಜಿಂಬಾಬ್ವೆಯ ಅಧ್ಯಕ್ಷ ಚುನಾವಣೆ. ಮುಗಾಬೆ ಗೆದ್ದರು. ಕಾಮನ್‌ವೆಲ್ತ್ ತಂಡ, ಮತದಾರ ಮುಕ್ತವಾಗಿ ಮತ ಹಾಕುವ ವಾತಾವರಣ ಇರಲಿಲ್ಲ ಅಂದಿತು. ದಕ್ಷಿಣ ಆಫ್ರಿಕಾದ ಅಧಿಕೃತ ತಂಡ, ಫಲಿತಾಂಶ ನ್ಯಾಯಸಮ್ಮತ ಅಂದಿತು. ಒಂದೇ ಚುನಾವಣೆ, ಎರಡು ತೀರ್ಪು. ಆದರೆ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಎಂಬೆಕಿ ತಮ್ಮದೇ ಇಬ್ಬರು ನ್ಯಾಯಾಧೀಶರನ್ನೂ ಕಳಿಸಿದ್ದರು, ಖಾಂಪೆಪೆ ಮತ್ತು ಮೊಸೆನೆಕೆ. ಅವರು ಬರೆದದ್ದು, ಈ ಚುನಾವಣೆ ಮುಕ್ತವೂ ಅಲ್ಲ, ನ್ಯಾಯಯುತವೂ ಅಲ್ಲ ಅಂತ. ಆ ವರದಿ ಬೀರುವಿನಲ್ಲಿ ಕೂತಿತು. ಒಂದು ಪತ್ರಿಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ 2014ರ ನವೆಂಬರ್‌ನಲ್ಲಿ ಹೊರಬಂತು. ಹನ್ನೆರಡು ವರ್ಷ! ಅಷ್ಟರಲ್ಲಿ ಆ ಅವಧಿಯೂ ಮುಗಿದು ಮುಂದಿನ ಎರಡು ಚುನಾವಣೆಗಳೂ ಮುಗಿದಿದ್ದವು.

ಕೆನ್ಯಾದ ಕಥೆ ಇನ್ನೂ ಸೂಕ್ಷ್ಮ. 2017ರ ಆಗಸ್ಟ್ 8ರಂದು ಮತದಾನ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜಾನ್ ಕೆರಿ, ಐರೋಪ್ಯ ಒಕ್ಕೂಟ, ಆಫ್ರಿಕನ್ ಒಕ್ಕೂಟ ಎಲ್ಲರೂ ಒಟ್ಟಾರೆ ಒಳ್ಳೆಯ ಮಾತೇ ಆಡಿದರು. ಸೆಪ್ಟೆಂಬರ್ 1ರಂದು ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ವೀಕ್ಷಕರು ಸುಳ್ಳು ಹೇಳಿದರಾ? ಇಲ್ಲ. ಅವರು ಮತಗಟ್ಟೆ ಮುಂದಿನ ಸಾಲು ನೋಡಿದ್ದರು, ಸಾಲು ಚೆನ್ನಾಗಿತ್ತು. ತಪ್ಪಾಗಿದ್ದು ಸಂಜೆಯ ಮೇಲೆ, ಮತಗಟ್ಟೆಯ ಲೆಕ್ಕದ ಹಾಳೆ ಮೇಲಕ್ಕೆ ಹೋಗುವ ದಾರಿಯಲ್ಲಿ.

ಅಜರ್‌ಬೈಜಾನ್‌ನಲ್ಲಂತೂ ತಮಾಷೆ. 2013ರ ಅಕ್ಟೋಬರ್‌ನಲ್ಲಿ ಮತದಾನಕ್ಕೆ ಒಂದು ದಿನ ಮೊದಲೇ ಆಯೋಗದ ಮೊಬೈಲ್ ಆ್ಯಪ್‌ನಲ್ಲಿ ಫಲಿತಾಂಶ ಬಂದುಬಿಟ್ಟಿತು! ಆದರೂ ಯುರೋಪಿನ ಸಂಸದರ ತಂಡವೊಂದು ಪ್ರಕ್ರಿಯೆ ಪಾರದರ್ಶಕ ಅಂತ ಸರ್ಟಿಫಿಕೇಟ್ ಕೊಟ್ಟಿತು. ವಾರಗಟ್ಟಲೆ ಅಲ್ಲೇ ಬೀಡುಬಿಟ್ಟಿದ್ದ ಓಎಸ್‌ಸಿಇ ತಂಡ ಮಾತ್ರ, ತಾನು ನೋಡಿದ ಎಣಿಕೆಗಳಲ್ಲಿ ಶೇ. 58 ಕೆಟ್ಟದಾಗಿದ್ದವು ಅಂತ ಅಂಕಿ ಇಟ್ಟು ಹೇಳಿತು.

ಹಾಗಾಗಿ ವಿದೇಶಿ ವರದಿ ಕೈಗೆ ಬಂದರೆ ನಾನು ಕೊನೆಯ ಸಾಲನ್ನು ಆಮೇಲೆ ಓದ್ತೀನಿ. ಎಷ್ಟು ದಿನ ಇದ್ದರು, ಖರ್ಚು ಯಾರದು, ಎಷ್ಟು ಮತಗಟ್ಟೆ ನೋಡಿದರು, ಎಣಿಕೆಗೆ ಉಳಿದರಾ, ತಮ್ಮ ಮಿತ್ರದೇಶದ ಬಗ್ಗೆಯೂ ಇದೇ ಅಳತೆಗೋಲು ಹಿಡಿದರಾ ಅಂತ ಹುಡುಕ್ತೀನಿ. ವಿ-ಡೆಮ್‌ಗೂ ಬೇರೆ ರಿಯಾಯಿತಿ ಇಲ್ಲ. ಅದು ತಜ್ಞರ ಅಭಿಪ್ರಾಯಕ್ಕೆ ಅಂಕ ಹಾಕುವ ಲೆಕ್ಕ, ಮತಗಟ್ಟೆಯಲ್ಲಿ ನಿಂತು ನೋಡಿದ್ದಲ್ಲ. ಬಯ್ದರು ಅನ್ನೋದೇ ಪ್ರಾಮಾಣಿಕತೆಯ ಗುರುತಲ್ಲ.

2024ಕ್ಕೇ ವಾಪಸ್ ಬನ್ನಿ. ಏಪ್ರಿಲ್ 19ರ ಮೊದಲ ಹಂತದ ಅಂತಿಮ ಶೇಕಡಾವಾರು ಅಂಕಿ ಬಂದದ್ದು ಏಪ್ರಿಲ್ 30ಕ್ಕೆ. ಬಿದ್ದ ಮತಗಳ ಸಂಖ್ಯೆ ಕೊಡಿ ಅಂತ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ಮೇ 24ರಂದು ಮಧ್ಯಂತರ ಆದೇಶ ಕೊಡಲಿಲ್ಲ. ಮಾರನೇ ದಿನ ಆಯೋಗವೇ ಐದು ಹಂತಗಳ ಸಂಖ್ಯೆ ಪ್ರಕಟಿಸಿತು. ಆ ಹೊತ್ತಿಗೆ ವಿದೇಶಿ ಅತಿಥಿಗಳ ಕಾರ್ಯಕ್ರಮ ಮುಗಿದು ಎರಡು ವಾರವಾಗಿತ್ತು. ಆದರೆ ಆ ಸಂಖ್ಯೆ ಮೇ 7ರ ಸಂಜೆಯೇ ಐನಾಪುರದಲ್ಲೂ ಇರಬೇಕಿತ್ತು. ನಿಯಮದ ಪ್ರಕಾರ ಮತದಾನ ಮುಗಿದ ಕೂಡಲೇ ಅಧ್ಯಕ್ಷಾಧಿಕಾರಿ 17ಸಿ ನಮೂನೆಯಲ್ಲಿ ಲೆಕ್ಕ ಬರೆದು, ಸಹಿ ಹಾಕಿ, ಹಾಜರಿರುವ ಪ್ರತಿ ಪಕ್ಷದ ಏಜೆಂಟನಿಗೂ ಪ್ರತಿ ಕೊಡಬೇಕು. ಏಜೆಂಟ್ ಅಂದರೆ ಅದೇ ಊರಿನ ಆಸುಪಾಸಿನ ಹುಡುಗ. ಅವನು ಆ ಹಾಳೆ ಇಸ್ಕೊಂಡನಾ, ಎಣಿಕೆ ದಿನದವರೆಗೆ ಜೋಪಾನ ಮಾಡಿದನಾ?